ಅಮೆರಿಕದಲ್ಲಿ ನಿಮ್ಮೂರಿನ ಕಾನ್ಸರ್ಟ್ ಬ್ಯಾಂಡ್‌ಗೆ ಸೇರುವುದು ಹೇಗೆ: ಸೆಪ್ಟೆಂಬರ್‌ನಿಂದ ಜುಲೈವರೆಗೆ

ಶಾಲೆಯಲ್ಲೋ ಕಾಲೇಜಿನಲ್ಲೋ ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್ ಏನಾದರೂ ನುಡಿಸುತ್ತಿದ್ದಿರಾ? ಆಮೇಲೆ ಕೆಲಸ, ವೀಸಾ, ಮಕ್ಕಳು ಅಂತ ಅದು ಪೆಟ್ಟಿಗೆ ಸೇರಿತಾ? ಈಗ ಅಮೆರಿಕದಲ್ಲಿದ್ದರೆ ಅದನ್ನು ಮತ್ತೆ ಹೊರಗೆ ತೆಗೆಯಲು ತುಂಬಾ ಒಳ್ಳೆಯ ದಾರಿ ಒಂದಿದೆ. ನಿಮ್ಮ ಊರಿನ ಕಮ್ಯುನಿಟಿ ಬ್ಯಾಂಡ್, ಅಂದರೆ ಊರಿನವರೇ ಹವ್ಯಾಸಕ್ಕೆ ನುಡಿಸುವ ಕಾನ್ಸರ್ಟ್ ಬ್ಯಾಂಡ್ ಸೇರಿ. ಅಲ್ಲಿಗೆ ಮೊದಲು ಬೇಕಾಗಿರುವುದು ವಾರಕ್ಕೊಂದು ಸಂಜೆ ತಪ್ಪದೆ ಬರುವವರು. ಕೈ ಪಳಗುವುದು ಬರುತ್ತಾ ಬರುತ್ತಾ ಆಗುತ್ತದೆ.

ಕಾನ್ಸರ್ಟ್ ಬ್ಯಾಂಡ್ ಅಂದರೆ ಊದುವ ವಾದ್ಯ ಮತ್ತು ಬಡಿಯುವ ವಾದ್ಯಗಳ ದೊಡ್ಡ ತಂಡ. ಕೊಳಲು (ನಮ್ಮ ಬಿದಿರಿನದಲ್ಲ, ಪಾಶ್ಚಾತ್ಯ ಫ್ಲೂಟ್), ಓಬೋ, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಯೂಫೋನಿಯಂ, ಟ್ಯೂಬಾ, ಡ್ರಮ್ಮುಗಳು. ಪಿಟೀಲಿಗೆ ಇಲ್ಲಿ ಜಾಗವಿಲ್ಲ, ಪಿಟೀಲು ನುಡಿಸುವವರು ಕಮ್ಯುನಿಟಿ ಆರ್ಕೆಸ್ಟ್ರಾ ಹುಡುಕಬೇಕು. ದಸರಾದಲ್ಲಿ ಮೈಸೂರು ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಈ ನಾದ ಹೊಸದಲ್ಲ. ಕದ್ರಿ ಗೋಪಾಲನಾಥ್ ಅವರಿಗೆ ಸ್ಯಾಕ್ಸೊಫೋನ್ ಹುಚ್ಚು ಹಿಡಿದದ್ದೂ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಆ ವಾದ್ಯ ಕೇಳಿದ ಮೇಲೆಯೇ. ಹಾಗಾಗಿ ಇದು ಬೇರೆಯವರ ಸಂಗೀತ, ನಮಗೆ ಯಾಕೆ ಅಂತ ದೂರ ನಿಲ್ಲಬೇಡಿ.

ಅಮೆರಿಕದಲ್ಲಿ ಈ ಅಭ್ಯಾಸ ತುಂಬಾ ಹಳೆಯದು. ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಬ್ಯಾಂಡ್ 1828ರಿಂದ ನಡೆದುಕೊಂಡು ಬಂದಿದೆ. ಸಣ್ಣ ಸಣ್ಣ ಊರುಗಳಲ್ಲೂ ಒಂದು ಬ್ಯಾಂಡ್ ಇರುತ್ತದೆ, ನಮಗೆ ಗೊತ್ತಿರುವುದಿಲ್ಲ ಅಷ್ಟೇ. ನಿಮ್ಮ ಊರಿನ ಹೆಸರಿನ ಜೊತೆ ‘ಕಮ್ಯುನಿಟಿ ಬ್ಯಾಂಡ್’ ಅಂತ ಹುಡುಕಿ. ಸಿಗದಿದ್ದರೆ ಕೌಂಟಿಯ ಹೆಸರು ಹಾಕಿ. ಅದೂ ಆಗದಿದ್ದರೆ ಹತ್ತಿರದ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರನ್ನು ಕೇಳಿ, ಅವರಿಗೆ ಗೊತ್ತಿಲ್ಲದ ಬ್ಯಾಂಡ್ ಇರುವುದಿಲ್ಲ.

ಯಾವಾಗ ಸೇರಬೇಕು

ಸೀಸನ್ ಶುರುವಿನಲ್ಲಿ. ಇದೊಂದು ವಿಷಯದಲ್ಲಿ ನನ್ನ ಮಾತು ಕೇಳಿ. ಹೆಚ್ಚಿನ ಬ್ಯಾಂಡ್‌ಗಳು ಸೆಪ್ಟೆಂಬರ್‌ನ ಲೇಬರ್ ಡೇ ರಜೆ ಮುಗಿದ ಮೇಲೆ ಅಭ್ಯಾಸ ಶುರು ಮಾಡುತ್ತವೆ. ಆಗ ಎಲ್ಲರ ಕೈಯಲ್ಲೂ ಹೊಸ ನೋಟೇಶನ್ ಇರುತ್ತದೆ, ಎಲ್ಲರೂ ತಪ್ಪು ಮಾಡುತ್ತಿರುತ್ತಾರೆ, ಕಂಡಕ್ಟರ್ (ಮುಂದೆ ನಿಂತು ಬ್ಯಾಂಡ್ ನಡೆಸುವವರು) ನಿಧಾನವಾಗಿ ಹೋಗುತ್ತಾರೆ. ನವೆಂಬರ್‌ನಲ್ಲಿ ಒಳಗೆ ಬಂದರೆ ಉಳಿದವರು ಆಗಲೇ ವೇಗ ಹಿಡಿದಿರುತ್ತಾರೆ, ನೀವು ಎರಡನೇ ಸಾಲಿನಲ್ಲೇ ಕಳೆದುಹೋಗುತ್ತೀರಿ. ಸೆಪ್ಟೆಂಬರ್ ತಪ್ಪಿದರೆ ಜನವರಿವರೆಗೆ ಕಾಯಿರಿ. ಡಿಸೆಂಬರ್ ಕಾರ್ಯಕ್ರಮ ಮುಗಿದು ಹೊಸ ನೋಟೇಶನ್ ಹಾಳೆಗಳ ಫೋಲ್ಡರ್ ಕೊಡುವುದು ಆಗಲೇ.

ಸೇರುವ ಮುಂಚೆ ಒಂದು ಇಮೇಲ್ ಹಾಕಿ. ಯಾವ ವಾದ್ಯ, ಎಷ್ಟು ವರ್ಷ ನುಡಿಸಿದ್ದೀರಿ, ಬಿಟ್ಟು ಎಷ್ಟು ದಿನ ಆಯಿತು, ನೋಟೇಶನ್ ಓದಲು ಬರುತ್ತದೋ ಇಲ್ಲವೋ, ಇಷ್ಟನ್ನು ನಾಲ್ಕು ಸಾಲಲ್ಲಿ ಇದ್ದ ಹಾಗೆ ಬರೆಯಿರಿ. ಕೆಲವು ಬ್ಯಾಂಡ್‌ಗಳಲ್ಲಿ ಆಡಿಶನ್ ಇದೆ, ಬಹಳಷ್ಟರಲ್ಲಿ ಇಲ್ಲ. ಕೊಳಲು ಮತ್ತು ಸ್ಯಾಕ್ಸೊಫೋನ್‌ನವರು ಸಾಮಾನ್ಯವಾಗಿ ಜಾಸ್ತಿ ಇರುತ್ತಾರೆ, ಅದಕ್ಕೆ ಸ್ವಲ್ಪ ಕಾಯಬೇಕಾಗಬಹುದು. ಹಾರ್ನ್, ಓಬೋ, ಟ್ಯೂಬಾ ನುಡಿಸುವವರು ಬಂದರೆ ಎದ್ದು ನಿಂತು ಸ್ವಾಗತ ಮಾಡುತ್ತಾರೆ.

ಇದುವರೆಗೆ ಏನೂ ನುಡಿಸಿಲ್ಲ, ಈಗ ಕಲಿಯಬೇಕು ಅನ್ನುವವರಿಗೂ ದಾರಿ ಇದೆ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಈಸ್ಟ್‌ಮನ್ ಸಂಗೀತ ಶಾಲೆಯ ರಾಯ್ ಅರ್ನ್‌ಸ್ಟ್ ಅವರು ವಯಸ್ಸಾದವರಿಗಾಗಿ ‘ನ್ಯೂ ಹೊರೈಜನ್ಸ್’ ಬ್ಯಾಂಡ್ ಶುರು ಮಾಡಿದರು. ವಾದ್ಯ ಹಿಡಿಯುವುದು ಹೇಗೆ ಅನ್ನುವಲ್ಲಿಂದ ಅಲ್ಲಿ ಹೇಳಿಕೊಡುತ್ತಾರೆ. ಈಗ ಆ ಹೆಸರಿನ ಬ್ಯಾಂಡ್‌ಗಳು ಎಷ್ಟೋ ಊರುಗಳಲ್ಲಿವೆ. ರಿಟೈರ್ ಆಗಿ ಮಕ್ಕಳ ಜೊತೆ ಇಲ್ಲೇ ಇರುವ ಅಪ್ಪ ಅಮ್ಮಂದಿರಿಗೆ ಇದನ್ನು ತಪ್ಪದೆ ಹೇಳಿ. ಮನೆಯಲ್ಲಿ ಸುಮ್ನೆ ಟಿವಿ ಮುಂದೆ ಕೂರುವ ಮಧ್ಯಾಹ್ನಕ್ಕಿಂತ ಅದೆಷ್ಟೋ ಚೆನ್ನ.

ವಾದ್ಯದ ವಿಷಯ

ಹಳೆಯ ವಾದ್ಯ ಇದ್ದರೆ ಮೊದಲು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋಗಿ. ವರ್ಷಗಟ್ಟಲೆ ಮುಚ್ಚಿಟ್ಟ ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಲ್ಲಿ ತೂತು ಮುಚ್ಚುವ ಮೆತ್ತನೆಯ ಪ್ಯಾಡ್ ಒಣಗಿ ಗಾಳಿ ಸೋರುತ್ತದೆ, ಟ್ರಂಪೆಟ್‌ನ ವಾಲ್ವ್ ಅಂಟಿಕೊಂಡಿರುತ್ತದೆ. ನಿಮ್ಮ ಉಸಿರು ಸಾಲುತ್ತಿಲ್ಲ ಅಂತ ನೀವು ಕೊರಗುತ್ತಿರುತ್ತೀರಿ, ತಪ್ಪು ಪ್ಯಾಡಿನದಾಗಿರುತ್ತದೆ. ವಾದ್ಯ ಇಲ್ಲದಿದ್ದರೆ ಬಾಡಿಗೆಗೆ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ವಾದ್ಯಗಳ ಹತ್ತಿರ ಹೋಗಬೇಡಿ. ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಎಷ್ಟೋ ರಿಪೇರಿಯವರು ಮುಟ್ಟುವುದೂ ಇಲ್ಲ. ರೀಡ್ (ಬಾಯಿಗಿಡುವಲ್ಲಿ ಕಂಪಿಸುವ ತೆಳು ಪಟ್ಟಿ) ಇರುವ ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುವವರು ಮತ್ತೆ ಶುರು ಮಾಡುವಾಗ 2 ಅಥವಾ 2.5 ನಂಬರಿನ ರೀಡ್ ಇಟ್ಟುಕೊಳ್ಳಿ, ಗಟ್ಟಿ ರೀಡಿಗೆ ತುಟಿ ಇನ್ನೂ ತಯಾರಿರುವುದಿಲ್ಲ. ಮರದ ಕ್ಲಾರಿನೆಟ್ ಇರುವವರು ಚಳಿಗಾಲದಲ್ಲಿ ಅದನ್ನು ಕಾರಿನಲ್ಲಿ ಬಿಡಬೇಡಿ. ತಣ್ಣಗಾದ ಮರಕ್ಕೆ ಒಮ್ಮೆಲೇ ಬಿಸಿ ಉಸಿರು ಊದಿದರೆ ಅದು ಸೀಳಬಹುದು.

ಕರ್ನಾಟಕ ಸಂಗೀತ ಕಲಿತು ಬಂದವರಿಗೆ

ಮಂಗಳೂರು, ಉಡುಪಿ ಕಡೆ ದೇವಸ್ಥಾನದಲ್ಲಿ, ಮದುವೆಯಲ್ಲಿ ಸ್ಯಾಕ್ಸೊಫೋನ್ ನುಡಿಸುವವರ ಮನೆಯಿಂದ ಬಂದವರು ಇಲ್ಲಿ ಇದ್ದಾರೆ. ಶಾಸ್ತ್ರೀಯವಾಗಿ ಕೊಳಲು, ಮೃದಂಗ ಕಲಿತವರಂತೂ ಎಷ್ಟೋ ಜನ. ನಿಮ್ಮ ಹತ್ತಿರ ಆಗಲೇ ಇರುವುದು ಯಾವುದು, ಹೊಸದಾಗಿ ಕಲಿಯಬೇಕಾದ್ದು ಯಾವುದು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಶ್ರುತಿಯಿಂದ ಶುರು ಮಾಡೋಣ. ಇಲ್ಲಿ ಸ್ವರಗಳಿಗೆ ಎ, ಬಿ, ಸಿ ಅಂತ ಹೆಸರು, ಫ್ಲಾಟ್ ಅಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗೆ. ಬ್ಯಾಂಡ್‌ನಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ‘ಸಿ’. ಕ್ಲಾರಿನೆಟ್‌ನವರು ಸಿ ನುಡಿಸಿದರೆ ಕೇಳುವುದು ಬಿ ಫ್ಲಾಟ್, ಆಲ್ಟೋ ಸ್ಯಾಕ್ಸೊಫೋನ್‌ನವರು ಅದೇ ಸಿ ನುಡಿಸಿದರೆ ಇ ಫ್ಲಾಟ್. ಹಾಗಾಗಿ ಕಂಡಕ್ಟರ್ ‘ಕಾನ್ಸರ್ಟ್ ಬಿ ಫ್ಲಾಟ್’ (ಅಂದರೆ ಕಿವಿಗೆ ನಿಜವಾಗಿ ಕೇಳಬೇಕಾದ ಬಿ ಫ್ಲಾಟ್) ಅಂದಾಗ ಕೊಳಲು, ಟ್ರಾಂಬೋನ್‌ನವರು ಬಿ ಫ್ಲಾಟ್ ನುಡಿಸುತ್ತಾರೆ, ಕ್ಲಾರಿನೆಟ್ ಮತ್ತು ಟ್ರಂಪೆಟ್‌ನವರು ಸಿ, ಆಲ್ಟೋ ಸ್ಯಾಕ್ಸೊಫೋನ್‌ನವರು ಜಿ, ಹಾರ್ನ್‌ನವರು ಎಫ್. ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಆದರೆ ಹಾಡುವವರು ಬದಲಾದ ಹಾಗೆ ಷಡ್ಜವೂ ಬದಲಾಗುವುದನ್ನು ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹತ್ತುತ್ತದೆ. ನಿಮ್ಮ ವಾದ್ಯಕ್ಕೆ ಕಾನ್ಸರ್ಟ್ ಬಿ ಫ್ಲಾಟ್ ಎಲ್ಲಿ ಬರುತ್ತದೆ ಅಂತ ಮೊದಲ ದಿನಕ್ಕೇ ಬಾಯಿಪಾಠ ಮಾಡಿಕೊಂಡು ಹೋಗಿ, ವಾರ್ಮಪ್ ಶುರುವಾಗುವುದೇ ಅದರಿಂದ.

ಗಮಕ ಬಿಡುವುದು ಕಷ್ಟ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ. ನಿಮ್ಮ ಪಕ್ಕದಲ್ಲಿ ಇನ್ನೂ ಐದಾರು ಜನ ಅದೇ ಸ್ವರ ನುಡಿಸುತ್ತಿರುತ್ತಾರೆ, ನೀವೊಬ್ಬರು ಅದನ್ನು ತೂಗಿಸಿದರೆ ಇಡೀ ಸಾಲು ಅಪಶ್ರುತಿ ಆಗಿ ಕೇಳುತ್ತದೆ. ಮನೆಯಲ್ಲಿ ಟ್ಯೂನರ್ ಆಪ್ ಇಟ್ಟುಕೊಂಡು ಒಂದೇ ಸ್ವರವನ್ನು ಎಂಟು ಎಣಿಕೆ, ಆಮೇಲೆ ಹದಿನಾರು ಎಣಿಕೆ, ಮುಳ್ಳು ಅಲುಗದ ಹಾಗೆ ಹಿಡಿಯಿರಿ. ದಿನಾ ಹತ್ತು ನಿಮಿಷ ಸಾಕು. ಇದರಿಂದ ನಿಮ್ಮ ಕರ್ನಾಟಕ ಸಂಗೀತಕ್ಕೆ ನಷ್ಟವೇನೂ ಇಲ್ಲ, ಉಸಿರು ಇನ್ನೂ ಗಟ್ಟಿಯಾಗುತ್ತದೆ.

ದೊಡ್ಡ ಕೆಲಸ ನೋಟೇಶನ್ ಓದುವುದು. ನಾವು ಕೇಳಿ, ಹಾಡಿ, ಬಾಯಿಪಾಠ ಮಾಡಿ ಕಲಿತವರು. ಇಲ್ಲಿ ಹಾಳೆ ಮುಂದಿಟ್ಟು ‘ಶುರು’ ಅಂತಾರೆ. ಅದಕ್ಕೆ ಉಪಾಯ ಅಂದರೆ ಬೇಸಿಗೆಯಲ್ಲೇ ಶಾಲೆ ಮಕ್ಕಳ ಬ್ಯಾಂಡ್ ಪಾಠದ ಪುಸ್ತಕ ಒಂದನ್ನು ತಂದು ಮೊದಲ ಪುಟದಿಂದ ಮಾಡುವುದು. ಮನೆಯಲ್ಲಿ ಮಗನೋ ಮಗಳೋ ಸ್ಕೂಲ್ ಬ್ಯಾಂಡ್‌ನಲ್ಲಿದ್ದರೆ ಅವರಿಂದಲೇ ಹೇಳಿಸಿಕೊಳ್ಳಿ. ಅವರಿಗೆ ಅಪ್ಪನಿಗೋ ಅಮ್ಮನಿಗೋ ಪಾಠ ಹೇಳುವುದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಮೃದಂಗದವರು ಪರ್ಕಶನ್ ಸೆಕ್ಷನ್ (ಬಡಿಯುವ ವಾದ್ಯಗಳ ಗುಂಪು) ಕೇಳಿ ನೋಡಿ. ಲಯ ನಿಮ್ಮಲ್ಲಿದೆ, ಕೋಲು ಹಿಡಿಯುವುದು ಮತ್ತು ಓದುವುದು ಕಲಿಯಬೇಕು.

ಮೊದಲ ಅಭ್ಯಾಸದ ಸಂಜೆ

ಹತ್ತಿರದ ಶಾಲೆಯ ಬ್ಯಾಂಡ್ ಕೋಣೆ, ಸಂಜೆ ಊಟದ ಹೊತ್ತಿನ ಆಚೀಚೆ, ಸುಮಾರು ಎರಡು ಗಂಟೆ. ಹತ್ತು ಹದಿನೈದು ನಿಮಿಷ ಮುಂಚೆ ಹೋಗಿ ಕುರ್ಚಿ ಹಾಕಲು ಕೈ ಜೋಡಿಸಿ, ಪರಿಚಯ ತಾನಾಗಿ ಆಗುತ್ತದೆ. ಕಂಡಕ್ಟರ್‌ನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ‘ಸರ್’ ಅನ್ನುವುದು ಬೇಕಾಗಿಲ್ಲ. ಪೆನ್ಸಿಲ್ ಇಟ್ಟುಕೊಂಡಿರಿ, ಪೆನ್ ಬೇಡವೇ ಬೇಡ. ಆ ಹಾಳೆಗಳು ಬ್ಯಾಂಡ್‌ನ ಆಸ್ತಿ, ಕಾರ್ಯಕ್ರಮ ಮುಗಿದ ಮೇಲೆ ಹಿಂತಿರುಗಿಸಬೇಕು.

ನಿಮ್ಮ ಹಾಳೆಯಲ್ಲಿ ಎಷ್ಟೋ ಕಡೆ ಒಂದು ದಪ್ಪ ಗೀಟು, ಅದರ ಮೇಲೆ 16 ಅಂತ ಇರುತ್ತದೆ. ಹದಿನಾರು ಬಾರ್ ಸುಮ್ಮನಿರಿ ಅಂತ ಅರ್ಥ. ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತದ ಹಾಗೆ, ಹೆಚ್ಚಾಗಿ ನಾಲ್ಕು ಎಣಿಕೆ. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ, ನುಡಿಸುವಾಗ ಅಲ್ಲ. ಎಣಿಸುವ ರೀತಿ ಹೀಗೆ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಮೊದಲ ಅಂಕಿ ಎಷ್ಟನೇ ಬಾರ್ ಅಂತ ಹೇಳುತ್ತಾ ಹೋಗುತ್ತದೆ. ತೊಡೆಯ ಮೇಲೆ ಬೆರಳು ಮಡಿಸಿಕೊಂಡು ಎಣಿಸಿದರೂ ಯಾರೂ ಏನೂ ಅನ್ನುವುದಿಲ್ಲ, ತಾಳ ಹಾಕಿ ಅಭ್ಯಾಸ ಇದ್ದವರಿಗೆ ಇದೇ ಸುಲಭ. ಜೊತೆಗೆ ನೀವು ಶುರು ಮಾಡುವ ಮುಂಚೆ ಯಾವ ವಾದ್ಯ ಏನು ನುಡಿಸುತ್ತದೆ ಅಂತ ಕಿವಿಗೊಟ್ಟು ಕೇಳಿ, ‘ಇಲ್ಲಿ ಟ್ರಂಪೆಟ್ ಬರುತ್ತದೆ’ ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಅದೂ ಕನ್ನಡದಲ್ಲೇ ಬರೆಯಿರಿ, ಕಣ್ಣಿಗೆ ತಕ್ಷಣ ಬೀಳುತ್ತದೆ. ಆಮೇಲೆ ಅಳಿಸಿಬಿಟ್ಟರಾಯಿತು.

ಮಾರ್ಚ್ (ಕವಾಯತಿನ ಹೆಜ್ಜೆಗೆ ಹೊಂದುವ ಸಂಗೀತ) ನುಡಿಸುವಾಗ ಇನ್ನೊಂದು ಗುಂಡಿ ಇದೆ. ಮಧ್ಯದಲ್ಲಿ ಟ್ರಿಯೋ ಅನ್ನುವ ಭಾಗ ಬರುತ್ತದೆ, ಅಲ್ಲಿ ಸಾಮಾನ್ಯವಾಗಿ ಒಂದು ಫ್ಲಾಟ್ ಜಾಸ್ತಿ ಆಗುತ್ತದೆ. ಆ ಜಾಗಕ್ಕೆ ದೊಡ್ಡದಾಗಿ ಒಂದು ಸುತ್ತು ಹಾಕಿಡಿ. ಎಲ್ಲ ನುಡಿಸಲು ಆಗದಿದ್ದರೆ ಪ್ರತಿ ಬಾರ್‌ನ ಮೊದಲ ಸ್ವರವನ್ನಾದರೂ ನುಡಿಸಿ, ಉಳಿದದ್ದು ಬಿಡಿ. ನಿಂತು ಹೋಗುವುದಕ್ಕಿಂತ ಇದು ಒಳ್ಳೆಯದು, ಪಕ್ಕದವರೂ ಹಾಗೇ ಮಾಡುತ್ತಿರುತ್ತಾರೆ.

ವಾರದ ಮಧ್ಯೆ ಹಾಡುಗಳನ್ನು ಕೇಳಿ. ಈ ವರ್ಷದ ಪಟ್ಟಿಯಲ್ಲಿ ಇಂಗ್ಲೆಂಡಿನ ಸಂಯೋಜಕ ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಬ್ಯಾಂಡ್‌ಗೆಂದೇ ಬರೆದ ಇ ಫ್ಲಾಟ್‌ನ ಮೊದಲ ಸ್ವೀಟ್ (suite, ಕೆಲವು ಭಾಗಗಳು ಸೇರಿದ ಕೃತಿ) ಇದ್ದರೆ ನಿಮ್ಮ ಅದೃಷ್ಟ. ಶುರುವಿನಲ್ಲಿ ಟ್ಯೂಬಾ, ಯೂಫೋನಿಯಂನವರು ಎಂಟೇ ಬಾರ್‌ನ ಒಂದು ಸಾಲು ನುಡಿಸುತ್ತಾರೆ. ಅದೇ ಸಾಲು ಆಮೇಲೆ ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೆ ಇಡೀ ಬ್ಯಾಂಡ್ ತುಂಬಿಕೊಳ್ಳುತ್ತದೆ. ಅದರ ಒಳಗೆ ಕೂತು ಕೇಳುವ ಸುಖಕ್ಕಾದರೂ ಬ್ಯಾಂಡ್ ಸೇರಬೇಕು.

ಸೀಸನ್‌ನ ಕ್ಯಾಲೆಂಡರ್ ಮತ್ತು ನಮ್ಮ ಕ್ಯಾಲೆಂಡರ್

ಮೊದಲ ವಾರ ಕಾರ್ಯಕ್ರಮಗಳ ದಿನಾಂಕ ಕೊಡುತ್ತಾರೆ. ಅವತ್ತೇ ಮನೆಯ ಕ್ಯಾಲೆಂಡರ್ ಪಕ್ಕ ಇಟ್ಟುಕೊಂಡು ಕೂರಿ. ಗಣೇಶನ ಹಬ್ಬ, ದಸರಾ, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ ಎಲ್ಲ ಹೆಚ್ಚಾಗಿ ಶರತ್ಕಾಲದ ಅಭ್ಯಾಸದ ತಿಂಗಳುಗಳಲ್ಲೇ ಬರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಡಿಸೆಂಬರ್. ಬ್ಯಾಂಡ್‌ನ ರಜೆ ಕಾಲದ ಕಾರ್ಯಕ್ರಮ ಇರುವುದೂ ಆಗಲೇ, ಮಕ್ಕಳ ರಜೆ ನೋಡಿಕೊಂಡು ನಾವು ಊರಿಗೆ ಟಿಕೆಟ್ ಮಾಡಿಸುವುದೂ ಆಗಲೇ. ಆಗದಿದ್ದರೆ ಸೆಪ್ಟೆಂಬರ್‌ನಲ್ಲೇ ನಿಮ್ಮ ವಾದ್ಯದ ಗುಂಪಿನ ಮುಖ್ಯಸ್ಥರಾದ ಸೆಕ್ಷನ್ ಲೀಡರ್‌ಗೆ ಹೇಳಿಬಿಡಿ. ಮುಂಚೆ ಹೇಳಿದರೆ ಯಾರಿಗೂ ಬೇಜಾರಿಲ್ಲ, ನಿಮ್ಮ ಭಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಹಿಂದಿನ ವಾರ ಹೇಳಿದರೆ ಎರಡನೇ ಕ್ಲಾರಿನೆಟ್ ಸಾಲೇ ಖಾಲಿ.

ಕಾರ್ಯಕ್ರಮಕ್ಕೆ ಹೆಚ್ಚಾಗಿ ಕಪ್ಪು ಬಟ್ಟೆ, ಕಪ್ಪು ಬೂಟು, ಕಪ್ಪು ಸಾಕ್ಸ್. ಬಿಳಿ ಸಾಕ್ಸ್ ವೇದಿಕೆ ದೀಪದಲ್ಲಿ ಎದ್ದು ಕಾಣುತ್ತದೆ. ಕೆಲವು ಬ್ಯಾಂಡ್‌ಗಳು ವರ್ಷಕ್ಕೆ ಸ್ವಲ್ಪ ಚಂದಾ ತೆಗೆದುಕೊಳ್ಳುತ್ತವೆ, ಇಲ್ಲಿ ಯಾರಿಗೂ ಸಂಬಳ ಇಲ್ಲ. ನಿಮ್ಮ ಕಂಪನಿಯಲ್ಲಿ ದೇಣಿಗೆಗೆ ಸಮನಾಗಿ ಹಣ ಸೇರಿಸುವ ವ್ಯವಸ್ಥೆ ಇದ್ದರೆ ಬ್ಯಾಂಡ್‌ಗೆ ಅದು ಅನ್ವಯಿಸುತ್ತದಾ ಅಂತ ಕೇಳಿ. ಟಿಂಪನಿಯಂಥ ದೊಡ್ಡ ವಾದ್ಯ ಕೊಳ್ಳಲು ಇಂಥ ಹಣವೇ ಬೇಕು.

ವಸಂತದ ಕಾರ್ಯಕ್ರಮ ಮುಗಿದರೆ ಬಯಲಿನ ಸೀಸನ್. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಆಮೇಲೆ ಪಾರ್ಕ್‌ಗಳಲ್ಲಿ ಸಂಜೆ, ಕೊನೆಗೆ ಜುಲೈ 4. ಬಟ್ಟೆ ಒಣಗಿಸುವ ಕ್ಲಿಪ್ ಒಂದು ಹಿಡಿ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಿ, ಗಾಳಿಗೆ ಹಾಳೆ ಹಾರದ ಹಾಗೆ ಸ್ಟ್ಯಾಂಡಿಗೆ ಸಿಕ್ಕಿಸಲು ಅದೇ ಬೇಕು. ಬಿಸಿಲಿಗೆ ವಾದ್ಯದ ಶ್ರುತಿ ಏರುತ್ತದೆ, ಅದಕ್ಕೆ ಅಲ್ಲೇ ಮತ್ತೊಮ್ಮೆ ಟ್ಯೂನ್ ಮಾಡಿ. ಜುಲೈ 4ಕ್ಕೆ ಅಮೆರಿಕದ ಸಂಯೋಜಕ ಜಾನ್ ಫಿಲಿಪ್ ಸೂಸಾ ಅವರ 1896ರ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಇದ್ದೇ ಇರುತ್ತದೆ. 1987ರಿಂದ ಅದು ಅಮೆರಿಕದ ಅಧಿಕೃತ ರಾಷ್ಟ್ರೀಯ ಮಾರ್ಚ್. ಕೊನೆಯಲ್ಲಿ ಪಿಕಲೋ (ಪುಟ್ಟ ಫ್ಲೂಟ್) ನುಡಿಸುವವರು ಎದ್ದು ನಿಂತು ಮೇಲಿನ ಸ್ವರಗಳಲ್ಲಿ ಮಿಂಚಿಸುವಾಗ ನೀವು ಮೆತ್ತಗೆ ನುಡಿಸಬೇಕು, ಅದನ್ನು ಮರೆಯಬೇಡಿ. ಮನೆಯವರಿಗೆ, ಕನ್ನಡ ಕೂಟದವರಿಗೆ ಮಡಚುವ ಕುರ್ಚಿ ತರಲು ಹೇಳಿ. ಪಾರ್ಕ್ ಕಾರ್ಯಕ್ರಮಗಳು ಹೆಚ್ಚಾಗಿ ಉಚಿತ.

ಆಮೇಲೆ ಫೋಲ್ಡರ್ ವಾಪಸ್ ಕೊಟ್ಟು ಆಗಸ್ಟ್ ಬರುವ ಮುಂಚೆಯೇ ವಾದ್ಯವನ್ನು ಸರ್ವಿಸಿಗೆ ಹಾಕಿ. ಶಾಲೆ ಶುರುವಾದರೆ ರಿಪೇರಿ ಅಂಗಡಿಗಳಲ್ಲಿ ಮಕ್ಕಳ ವಾದ್ಯಗಳ ಸಾಲು ಬೆಳೆಯುತ್ತದೆ, ನಿಮ್ಮ ಸರದಿ ಬರುವಷ್ಟರಲ್ಲಿ ಹೊಸ ಸೀಸನ್‌ನ ಮೊದಲ ಅಭ್ಯಾಸ ಕಳೆದಿರುತ್ತದೆ.