ಮ್ಯಾಕ್ರೋ ಲೆನ್ಸ್ ಕೊಳ್ಳದೆ ಮ್ಯಾಕ್ರೋ: ನನ್ನ ಅಗ್ಗದ ಜೋಡಣೆ

ಮ್ಯಾಕ್ರೋ ಲೆನ್ಸ್ ಇಲ್ಲದೆಯೇ ಜಿಗಿಯುವ ಜೇಡದ ಕಣ್ಣಿನಲ್ಲಿ ಫ್ಲ್ಯಾಷ್‌ನ ಪ್ರತಿಬಿಂಬ ಕಾಣುವಷ್ಟು ಹತ್ತಿರದ ಚಿತ್ರ ತೆಗೆಯಬಹುದು ಎಂದು ನಾನು ವಾದಿಸಿದಾಗ ಜೊತೆಗಾರರಲ್ಲಿ ಒಬ್ಬರೂ ನಂಬಲಿಲ್ಲ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸುವ ಬರಿಯ ಲೋಹದ ಟ್ಯೂಬು, ಹಳೆಯ ಸೋವಿಯತ್ ಲೆನ್ಸು, ಮ್ಯಾನ್ಯುವಲ್ ಫ್ಲ್ಯಾಷು, ಮೂರೂ ಕಸ ಎಂದು ತೀರ್ಪಿತ್ತರು. ಈಗ ಅದೇ ಮಂದಿ ಫ್ಲ್ಯಾಷ್‌ನ ಬೆಳಕನ್ನು ಮೃದುವಾಗಿಸುವ ನನ್ನ ಡಿಫ್ಯೂಸರ್‌ನ ಅಳತೆ ಕೇಳುತ್ತಿದ್ದಾರೆ. ತಗುಲಿದ ಖರ್ಚು ಹೊಸ 100 ಎಂಎಂ ಮ್ಯಾಕ್ರೋ ಲೆನ್ಸಿನ ಬೆಲೆಯ ಆರನೇ ಒಂದು ಪಾಲು ಇರಬಹುದು. ನಡುವೆ ಕೊಂಡು ಮೂಲೆಗೆ ಹಾಕಿದ್ದನ್ನೂ ಸೇರಿಸಿದರೆ ಕಾಲು ಪಾಲು.

ಮೂಲೆ ಸೇರಿದವುಗಳಲ್ಲಿ ಮೊದಲನೆಯದು ಲೆನ್ಸಿನ ಮುಂದೆ ಭೂತಗನ್ನಡಿಯಂತೆ ಹಾಕುವ ಕ್ಲೋಸ್‌ಅಪ್ ಫಿಲ್ಟರ್‌ಗಳ ಸೆಟ್. +1, +2 ಪರವಾಗಿಲ್ಲ; ನಿಜವಾಗಿ ಬೇಕಾದ +10 ಹಾಕಿದರೆ ಮಾತ್ರ ಅಂಚಿನಲ್ಲೆಲ್ಲ ನೇರಳೆ ಗೆರೆ. ಎರಡನೆಯದು ಎಲ್‌ಇಡಿ ರಿಂಗ್ ಲೈಟ್. ನೋಡಲು ಪ್ರಖರ, ಸಣ್ಣ ಅಪರ್ಚರ್‌ಗೆ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಗೆ) ಸಾಲದು. ಮೂರನೆಯದು ಕ್ಯಾಮೆರಾವನ್ನು ಚೂರುಚೂರೇ ಹಿಂದೆ ಮುಂದೆ ಸರಿಸುವ ಫೋಕಸಿಂಗ್ ರೈಲ್. ಗಾಳಿಗೆ ಅಲುಗುವ ಎಲೆಯ ಮುಂದೆ ಅದರ ತಿರುಪನ್ನು ತಿರುಗಿಸುತ್ತಾ ಕೂರುವುದು ಹಾಸ್ಯಾಸ್ಪದ. ಎಡಗೈಯಲ್ಲಿ ಎಲೆಯ ತೊಟ್ಟು ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿದರೆ ಹುಳುವೂ ಕ್ಯಾಮೆರಾವೂ ಒಟ್ಟಿಗೇ ಅಲುಗುತ್ತವೆ.

ರಿವರ್ಸ್ ರಿಂಗ್ ಎಂಬ ಉಂಗುರದಲ್ಲಿ 28 ಎಂಎಂ ಲೆನ್ಸ್ ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ಎರಡು ಪಟ್ಟಿಗೂ ಮೀರಿದ ಹಿಗ್ಗುವಿಕೆ ಸಲೀಸಾಗಿ ಬರುತ್ತದೆ. ಆದರೆ ವಸ್ತುವಿಗೂ ಲೆನ್ಸಿಗೂ ನಡುವೆ ನಾಲ್ಕೂವರೆ ಸೆಂಟಿಮೀಟರ್ ಉಳಿದರೆ ಹೆಚ್ಚು. ಇರುವೆ ಸಹಿಸಿಕೊಳ್ಳುತ್ತದೆ, ಏರೋಪ್ಲೇನ್ ಚಿಟ್ಟೆ ಸಹಿಸುವುದಿಲ್ಲ.

ಕೊನೆಗೆ ನಿಂತದ್ದು ಆ ಸೋವಿಯತ್ ಲೆನ್ಸು ಹೀಲಿಯೋಸ್ 44-2, ಅಂದರೆ 58 ಎಂಎಂ ಎಫ್/2, ಎಂ42 ಎಂಬ 42 ಎಂಎಂ ತಿರುಪಿನ ಎಳೆಯದು. ಜೊತೆಗೆ ಎಂ42 ಟ್ಯೂಬ್‌ಗಳ ಸೆಟ್. ನನ್ನದು ನಿಕಾನ್ ಎಫ್ ಮೌಂಟ್ ಬಾಡಿ. ಎಂ42 ಲೆನ್ಸಿನ ಫ್ಲ್ಯಾಂಜ್ ಅಂತರ, ಅಂದರೆ ಲೆನ್ಸ್ ಕೂರುವ ಅಂಚಿನಿಂದ ಸೆನ್ಸರ್‌ವರೆಗಿನ ದೂರ, 45.46 ಎಂಎಂ, ಈ ನಿಕಾನ್‌ನದು 46.5. ಲೆನ್ಸ್ ಅಷ್ಟು ಮುಂದೆ ಕೂರುವುದರಿಂದ ದೂರದ ಗುಡ್ಡಕ್ಕೆ ಫೋಕಸ್ ಸಿಗಲು ಗಾಜಿರುವ ಅಡಾಪ್ಟರ್ ಬೇಕು, ಅಗ್ಗದ ಗಾಜು ಚಿತ್ರವನ್ನು ಕೆಡಿಸುತ್ತದೆ. ಹುಳುವಿನ ಚಿತ್ರಕ್ಕೆ ಗುಡ್ಡ ಯಾರಿಗೆ ಬೇಕು? ಗಾಜಿಲ್ಲದ ಬರೀ ಉಂಗುರ ಸಾಕು, ಅದು ಇನ್ನೂ ಅಗ್ಗ.

ಇನ್ನೊಂದು ಉಳಿತಾಯ: ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹರಡಿದ ಲೆನ್ಸನ್ನೇ ಹುಡುಕಿ ಕೊಂಡೆ. ಎಣ್ಣೆ ಕಂಡರೆ ಬೆಲೆ ಇಳಿಯುತ್ತದೆ. 44-2 ಪ್ರಿಸೆಟ್ ಲೆನ್ಸ್, ಎಲೆಗಳನ್ನು ಉಂಗುರದಿಂದ ಕೈಯಲ್ಲೇ ತಿರುಗಿಸುವುದರಿಂದ ಎಣ್ಣೆಯ ತೊಂದರೆಯೇ ಇಲ್ಲ. ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಎಫ್/8ಕ್ಕೆ ತಿರುಗಿಸಿ ಒತ್ತುತ್ತೇನೆ. ಒಂದಕ್ಕೊಂದು, ಅಂದರೆ ಹುಳು ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಮೂಡುವಷ್ಟು ಹಿಗ್ಗಿಸಿದಾಗ ಆ ಎಫ್/8 ವಾಸ್ತವದಲ್ಲಿ ಎಫ್/16. ಇನ್ನೂ ಮುಚ್ಚಿದರೆ ಫೋಕಸ್‌ನ ಆಳ ಸಿಗುತ್ತದೆ, ಚೂಪು ಹೋಗುತ್ತದೆ. ಫಂಗಸ್ ಹಿಡಿದ ಲೆನ್ಸ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ, ಟಾರ್ಚ್ ಹಾಯಿಸಿ ನೋಡಿ.

ಮೊದಮೊದಲು ಪ್ರತಿ ಚಿತ್ರದ ಮಧ್ಯಭಾಗದಲ್ಲಿ ಬೂದಿ ಬಳಿದಂತೆ ಮಬ್ಬು. ಬಹಳ ದಿನ ಲೆನ್ಸನ್ನೇ ಶಪಿಸಲಾಯಿತು. ಕಾರಣ ಟ್ಯೂಬ್‌ನ ಒಳಗೋಡೆಯ ಹೊಳಪು. ಒಳಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದ ಮೇಲೆ ಅದೇ ಲೆನ್ಸ್ ಬೇರೆಯದೇ ಎನಿಸಿತು. ಖರ್ಚು ಲೆಕ್ಕಕ್ಕೂ ಬಾರದು.

ಹಣದ ಅರ್ಧ ಭಾಗ ಹೋದದ್ದು ಫ್ಲ್ಯಾಷ್‌ಗೆ. ತೀರಾ ಹಳೆಯದು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅಂಥ ಕೆಲವದರ ಟ್ರಿಗರ್ ವೋಲ್ಟೇಜ್ (ಮಿಂಚಿಸುವ ಸಂಪರ್ಕದಲ್ಲಿ ಕ್ಯಾಮೆರಾಕ್ಕೆ ಬರುವ ವೋಲ್ಟೇಜ್) 200 ದಾಟುತ್ತದೆ, ಕ್ಯಾಮೆರಾ ಸುಟ್ಟೀತು. ಫ್ಲ್ಯಾಷ್‌ನ ಬುಡದ ನಡುವಿನ ಪಿನ್‌ಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಇಟ್ಟು 6 ವೋಲ್ಟ್‌ನೊಳಗೆ ಬಂದರಷ್ಟೇ ಕೊಳ್ಳುವುದು ನನ್ನ ನಿಯಮ. ಹೊಸ ಮ್ಯಾನ್ಯುವಲ್ ಫ್ಲ್ಯಾಷ್‌ಗೆ ಈ ಗೋಳಿಲ್ಲ. 1/16 ಶಕ್ತಿಯಲ್ಲಿ ಬೆಳಕು ಎಷ್ಟು ಕಡಿಮೆ ಹೊತ್ತು ಮಿಂಚುತ್ತದೆಂದರೆ ಕೈನಡುಕವೂ ಹುಳುವಿನ ಮೀಸೆಯ ಅಲುಗಾಟವೂ ಅಲ್ಲೇ ನಿಲ್ಲುತ್ತವೆ. ಎಲ್ಲವೂ ಮ್ಯಾನ್ಯುವಲ್ ಆದಮೇಲೆ ಲೆನ್ಸ್ ಯಾವುದೆಂದು ಕ್ಯಾಮೆರಾಕ್ಕೆ ಗೊತ್ತಿಲ್ಲದಿದ್ದರೆ ನಷ್ಟವೇನು?

ಡಿಫ್ಯೂಸರ್‌ಗೆ ಒಳಗೆ ಅಲ್ಯೂಮಿನಿಯಂ ಫಾಯಿಲ್, ಮುಂದೆ ಟ್ರೇಸಿಂಗ್ ಪೇಪರಿನ ಎರಡು ಪದರ. ಪದರಗಳ ನಡುವೆ ಅಂತರ ಬೇಕೇ ಬೇಕು. ಎಷ್ಟು, ಯಾವ ಬಾಗು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನನ್ನ ಚಿತ್ರಗಳ ಜೀರುಂಡೆಯ ಬೆನ್ನಿನಲ್ಲಿ ಬಿಳಿ ಚುಕ್ಕೆ ಇಲ್ಲದಿರುವುದಕ್ಕೆ ಅದೇ ಕಾರಣ.

ಈಗ ಹಿಡಿದಿರುವ ಹುಚ್ಚು ಡಾರ್ಕ್‌ರೂಮ್ ಎನ್‌ಲಾರ್ಜರ್‌ನ, ಅಂದರೆ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿಸುವ ಯಂತ್ರದ, 50 ಎಂಎಂ ಲೆನ್ಸು. ಕೇಳುವವರಿಲ್ಲದೆ ಹೀಲಿಯೋಸ್‌ಗಿಂತಲೂ ಅಗ್ಗಕ್ಕೆ ಬಂತು. ಅದೇ ಟ್ಯೂಬ್‌ಗಳ ಮೇಲೆ ತಿರುಗಿಸಿ ಹಾಕಿದರೆ ಉದುರಿದ ಪತಂಗದ ರೆಕ್ಕೆಯ ಹುರುಪೆಗಳು ಮೂಲೆಯವರೆಗೂ ಚೂಪು. ಇಂಥವುಗಳಲ್ಲಿ ಬಹಳಷ್ಟಕ್ಕೆ 39 ಎಂಎಂ ಎಳೆ ಇರುತ್ತದೆ. ನೇರವಾಗಿ ಕೂರಿಸುವುದಾದರೆ 39ರಿಂದ 42ಕ್ಕೆ ಏರಿಸುವ ಉಂಗುರ ಬೇಕು. ಎಳೆಯ ಪಿಚ್‌ನಲ್ಲಿ (ಸುತ್ತುಗಳ ನಡುವಿನ ಅಂತರದಲ್ಲಿ) ಎರಡು ಬಗೆ ಇವೆ, ಅರ್ಧ ಸುತ್ತಿಗೇ ಬಿಗಿಯಾದರೆ ಬಲ ಹಾಕದೆ ಬೇರೆ ಉಂಗುರ ನೋಡಿ.