ಹಾಲಿನ ಅಳತೆ ನಿಲ್ಲಿಸದೆ ನಾಲ್ಕು ಕೋಟಿ ಸಾಲುಗಳ ಕಾಲಮ್ ಬದಲಿಸಿದ ಅನುಭವ

ಹಾಲು ಉತ್ಪಾದಕರ ಸಂಘಗಳಿಗಾಗಿ ನಾವು ನಡೆಸುವ ತಂತ್ರಾಂಶದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಫ್ಯಾಟ್ (ಹಾಲಿನ ಕೊಬ್ಬಿನಂಶ) ಕಾಲಮ್ ಮೊದಲಿನಿಂದಲೂ ರಿಯಲ್, ಅಂದರೆ ದಶಮಾಂಶವನ್ನು ಅಂದಾಜಾಗಿ ಇಡುವ ಬಗೆಯದಾಗಿತ್ತು. ಬಟವಾಡೆಯ ಮೊತ್ತದಲ್ಲಿ ಆಗಾಗ ಪೈಸೆಗಳ ವ್ಯತ್ಯಾಸ ಬರುತ್ತಿದ್ದುದರಿಂದ ಅದನ್ನು ಅಂಕಿಗಳನ್ನು ನಿಖರವಾಗಿ ಇಡುವ ನ್ಯೂಮರಿಕ್‌ಗೆ ಬದಲಿಸಲೇಬೇಕಿತ್ತು. ಸೇವೆ ನಿಲ್ಲಿಸದೆ ಇದು ಆಗದ ಕೆಲಸವೆಂದು ತಂಡದ ಹಿರಿಯರು ಹೇಳಿದ್ದರು, ಕೊನೆಗೂ ಆಗಿದೆ.

ಮೊದಲ ಸಲ ಬೆಳಗಿನ ಜಾವ ನಾಲ್ಕೂವರೆಗೆ ನೇರವಾಗಿ ಆಲ್ಟರ್ ಟೇಬಲ್, ಅಂದರೆ ಟೇಬಲ್ ರಚನೆ ಬದಲಿಸುವ ಆದೇಶ ಕೊಟ್ಟಿದ್ದೆ. ಯಾರೋ ಮುಚ್ಚದೆ ಬಿಟ್ಟಿದ್ದ ವರದಿಯ ಟ್ರಾನ್ಸಾಕ್ಷನ್ ಮುಗಿಯಲೆಂದು ಅದು ಕಾಯುತ್ತ ನಿಂತಿತು. ಅದರ ಹಿಂದೆ ಬಂದ ಪ್ರತಿಯೊಂದು ಇನ್ಸರ್ಟ್ (ಹೊಸ ಸಾಲು ಸೇರಿಸುವ ಆದೇಶ) ಕೂಡ ಸಾಲುಗಟ್ಟಿತು. ಆರು ಗಂಟೆಗೆ ಕ್ಯಾನ್ ಹಿಡಿದು ಬಂದವರ ಅಳತೆಯನ್ನು ಕಾರ್ಯದರ್ಶಿಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾಯಿತು. ಆ ತಿಂಗಳ ನಿರ್ವಹಣಾ ಶುಲ್ಕದಲ್ಲಿ ಸುಮಾರು ನಲವತ್ತು ಸಾವಿರ ರೂಪಾಯಿ ಬಿಟ್ಟುಕೊಟ್ಟೆವು.

ಎರಡನೆಯ ಸಲ ಪಕ್ಕದಲ್ಲಿ ಹೊಸ ಕಾಲಮ್ ಸೇರಿಸಿ, ಸಾಲು ಬರೆದಾಗ ತಾನಾಗಿ ಓಡುವ ಟ್ರಿಗರ್ ಮೂಲಕ ಎರಡರಲ್ಲೂ ಬರೆಯಿಸಿದೆ. ಹಳೆಯ ಸಾಲುಗಳನ್ನು ತುಂಬಲು ಬರೆದ ಸ್ಕ್ರಿಪ್ಟ್ ಮಾತ್ರ ರಿಯಲ್ ಅನ್ನು ಹೆಚ್ಚು ಅಂಕಿ ತೋರಿಸುವ ಡಬಲ್ ಆಗಿ ಓದಿ, ದಶಮಾಂಶದ ಎರಡು ಸ್ಥಾನಕ್ಕೆ ಕತ್ತರಿಸುತ್ತಿತ್ತು. ಚೀಟಿಯಲ್ಲಿ 4.1 ಎಂದಿದ್ದ ಫ್ಯಾಟ್ 4.0999999 ಆಗಿ, ಹೊಸ ಕಾಲಮ್‌ನಲ್ಲಿ 4.09 ಆಗಿ ಕೂತಿತ್ತು. ದರಪಟ್ಟಿಯಲ್ಲಿ ಅದು ರೈತರ ಹಣ. ನೋಡಿದ ಕೂಡಲೇ ಎಲ್ಲವನ್ನೂ ಅಳಿಸಿ, ಪರಿವರ್ತನೆಯನ್ನು ಪೋಸ್ಟ್‌ಗ್ರೆಸ್ ಒಳಗೇ ಹತ್ತಿರದ ಅಂಕಿಗೆ ಹೊಂದಿಸುವ ರೌಂಡ್ ಬಳಸಿ ಮಾಡಿದೆ.

ನಡುವೆ ಇಡೀ ದಾಖಲೆಯನ್ನೇ ಜೇಸನ್ ಎಂಬ ಪಠ್ಯರೂಪದಲ್ಲಿಟ್ಟು ಆವೃತ್ತಿ ಸಂಖ್ಯೆ ಬರೆಯುವ ಪ್ರಯೋಗಕ್ಕೆ ಎರಡು ವಾರ ಕೊಟ್ಟೆ. ಬಟವಾಡೆ ವರದಿ ಬಹಳ ನಿಧಾನವಾದ್ದರಿಂದ ಕೈಬಿಟ್ಟೆ.

ಕೊನೆಗೆ ನಿಂತ ಕ್ರಮ ಇದು: ಪ್ರತಿ ಆಲ್ಟರ್‌ಗೂ ಮೂರು ಸೆಕೆಂಡಿನ ಲಾಕ್ ಟೈಮ್‌ಔಟ್ (ಟೇಬಲ್‌ನ ಬೀಗಕ್ಕೆ ಕಾಯುವ ಮಿತಿ) ಇಟ್ಟು, ಬೀಗ ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುವುದು, ಐದೈದು ಸಾವಿರ ಸಾಲು ತುಂಬಿ ಕಮಿಟ್ ಮಾಡಿ ಖಾಯಂಗೊಳಿಸುವುದು, ಕಾಲಮ್ ಖಾಲಿ ಇರಬಾರದೆಂಬ ಚೆಕ್ ನಿರ್ಬಂಧವನ್ನು, ಹಳೆಯ ಸಾಲುಗಳನ್ನು ಪರೀಕ್ಷಿಸದಂತೆ ನಾಟ್ ವ್ಯಾಲಿಡ್ ಎಂದು ಸೇರಿಸಿ, ಆಮೇಲೆ ಅವನ್ನೂ ಪರೀಕ್ಷಿಸಿ ವ್ಯಾಲಿಡೇಟ್ ಮಾಡುವುದು. ಪೋಸ್ಟ್‌ಗ್ರೆಸ್ 12ರಿಂದೀಚೆಗೆ ಆ ನಿರ್ಬಂಧವಿದ್ದರೆ ಕಾಲಮ್ ಖಾಲಿ ಬಿಡಗೊಡದ ನಾಟ್ ನಲ್ ನಿಯಮ ಹಾಕುವಾಗ ಟೇಬಲ್ ಪೂರ್ತಿ ಓದುವುದಿಲ್ಲ. ಎರಡು ಕಂತುಗಳ ನಡುವಿನ ಬಿಡುವನ್ನು ನಾನು ಲೆಕ್ಕ ಹಾಕುವ ರೀತಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತುಂಬುವುದಕ್ಕೆ ಹತ್ತಿರಹತ್ತಿರ ಒಂಬತ್ತು ದಿನ ಹಿಡಿಯಿತು. ಬದಲಾದ ಸಾಲುಗಳ ಹಳೆಯ ಪ್ರತಿಗಳಿಂದ ಟೇಬಲ್ ಉಬ್ಬಿದ್ದರಿಂದ ಡಿಸ್ಕಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಹೆಚ್ಚು ಬಿತ್ತು.

ಮೂರು ಬಟವಾಡೆಗಳ ಲೆಕ್ಕ ಚೀಟಿಗಳ ಮೊತ್ತದೊಂದಿಗೆ ಪೈಸೆಗೆ ಪೈಸೆ ಹೊಂದಿದ ಮೇಲೆಯೇ ಹಳೆಯ ಕಾಲಮ್ ತೆಗೆದೆ. ಬೇಕೆಂದೇ ಬೆಳಗಿನ ಆರೂಕಾಲಕ್ಕೆ, ಹಾಲು ಅಳೆಯುತ್ತಿದ್ದ ಹೊತ್ತಿನಲ್ಲಿಯೇ ತೆಗೆದೆ. ಯಾವ ಸಂಘದಿಂದಲೂ ಕರೆ ಬರಲಿಲ್ಲ.