ಹಳೇ 86, ಹೊಸ 86: ಒಂದೇ ಜಾತಿ ಟೈರ್ ಹಾಕಿ ಓಡ್ಸಿ ನೋಡಿದ್ದು

ಟೊಯೋಟಾದ ಎಂಬತ್ತರ ದಶಕದ ಕಾರು ಎಇ86ನ ಅದ್ರ ಹೊಸ ಕಾಲದ ವಾರಸುದಾರ ಜಿಟಿ86 ಜೊತೆ ಕಂಪೇರ್ ಮಾಡ್ತೀನಿ ಅಂದಾಗ ಇಲ್ಲಿ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿರೋ ನಮ್ಮ ಹುಡುಗರೆಲ್ಲ ನಕ್ಕಿದ್ರು. "ಅಜ್ಜೀನೂ ಮೊಮ್ಮಗಳನ್ನೂ ಓಟಕ್ಕೆ ಬಿಟ್ಟು ಯಾರು ಗೆದ್ರು ಅಂತ ನೋಡ್ತೀಯೇನೋ" ಅಂದಿದ್ದ ಒಬ್ಬ. ಈಗ ಅವ್ನೇ ಡೇಟಾ ಕಳ್ಸು ಕಳ್ಸು ಅಂತ ಪ್ರಾಣ ತಿಂತಿದಾನೆ.

ಹಳೇದು 1985ರದ್ದು, ಇಲ್ಲಿ ಕೊರೊಲಾ ಜಿಟಿ ಕೂಪೆ ಅಂತ ಮಾರ್ತಿದ್ರಲ್ಲ ಅದೇ. ಕಾಗದದಲ್ಲಿ 124 ಕುದುರೆ (ಹಾರ್ಸ್ ಪವರ್), ಅದ್ರಲ್ಲಿ ಈಗ ಎಷ್ಟು ಬದುಕಿದಾವೋ ದೇವ್ರಿಗೇ ಗೊತ್ತು. ಹಿಂದಿನ ವೀಲ್ ಆರ್ಚು, ಬಾಗಿಲ ಕೆಳಗಿನ ಸಿಲ್ಲು ಎಲ್ಲಾ ತುಕ್ಕು, ಮೊದಲ್ನೇ ಗ್ಯಾರೇಜ್‌ನೋನು ತುಕ್ಕಿನ ಮೇಲೇ ಫಿಲ್ಲರ್ ಮೆತ್ತಿ ದುಡ್ಡು ಇಸ್ಕೊಂಡ, ಮತ್ತೆ ಎಲ್ಲಾ ಕಿತ್ತು ಬೇರೆ ಕಡೆ ವೆಲ್ಡಿಂಗ್ ಮಾಡ್ಸೋದಕ್ಕೆ ಮೂರೂವರೆ ಸಾವಿರ ಪೌಂಡ್ ಹತ್ರ ಹೋಯ್ತು. 40 ವರ್ಷ ದಾಟಿದ್ಮೇಲೆ ರೋಡ್ ಟ್ಯಾಕ್ಸ್ ಇಲ್ಲ, ಅದೊಂದೇ ಸಮಾಧಾನ. ಹೊಸದು 2013ರ ಸೆಕೆಂಡ್‌ಹ್ಯಾಂಡು, 200 ಕುದುರೆ, ಅದಕ್ಕೆ ಇಲ್ಲೀವರ್ಗೂ ಆಯಿಲ್ಲು ಬ್ರೇಕ್ ಪ್ಯಾಡ್ ಬಿಟ್ಟು ಏನೂ ಹಾಕಿಲ್ಲ.

ಜಾಗ ಲಿಚ್‌ಫೀಲ್ಡ್ ಹತ್ರದ ಕರ್ಬರಾ ಸ್ಪ್ರಿಂಟ್ ಟ್ರ್ಯಾಕು. ಬರೀ ಲ್ಯಾಪ್ ಟೈಮ್ ನೋಡಿದ್ರೆ ಹೊಸದೇ ಗೆಲ್ಲುತ್ತೆ, ಅದನ್ನ ಹೇಳೋಕೆ ನಾನ್ಯಾಕೆ ಬೇಕು. ನಂಗೆ ನೋಡ್ಬೇಕಿದ್ದು ತಿರುವಲ್ಲಿ ಯಾವುದು ಹೆಂಗೆ ಆಡುತ್ತೆ ಅಂತ. ಫೋನಿನ ಜಿಪಿಎಸ್ ನಂಬ್ಕೊಂಡ್ರೆ ಹೇರ್‌ಪಿನ್ನೇ (ವಾಪಸ್ ತಿರುಗೋ ಬಿಗಿ ತಿರುವು) ಕಾಣಲ್ಲ, ಸೆಕೆಂಡಿಗೊಂದು ಚುಕ್ಕಿ. ಸೆಕೆಂಡಿಗೆ ಹತ್ತು ಚುಕ್ಕಿ ಕೊಡೋ 10 ಹರ್ಟ್ಜ್ ಜಿಪಿಎಸ್ ರಿಸೀವರ್‌ಗೆ ನೂರಾಮೂವತ್ತು ಪೌಂಡ್ ಸುರಿದೆ. ಆಮೇಲೂ ಎರಡು ಕಾರಿನ ಗ್ರಾಫ್ ಹೋಲಿಸೋಕೆ ಆಗ್ಲಿಲ್ಲ, ಯಾಕಂದ್ರೆ ಎರಡರ ಟೈರೂ ಬೇರೆ, ಜಿಟಿ86ಗೆ ಕಂಪನಿನೇ ತನ್ನ ಹೈಬ್ರಿಡ್ ಕಾರು ಪ್ರಿಯಸ್‌ಗೆ ಹಾಕೋ ಜಾತಿ ಟೈರು ಕೊಟ್ಟಿತ್ತು, ಬೇಕಂತಲೇ, ಹಿಂಭಾಗ ಜಾರಿ ಆಡ್ಲಿ ಅಂತ.

ಕೊನೇಗೆ ಕೂಡಿಬಂದಿದ್ದು ಹಿಂಗೆ. ಎರಡಕ್ಕೂ ಒಂದೇ ರಬ್ಬರ್ ಮಿಶ್ರಣದ (ಕಾಂಪೌಂಡು) ಟೈರು, ಹಳೇದಕ್ಕೆ 185/60 14 ಇಂಚು, ಹೊಸದಕ್ಕೆ 215/45 17, ಎರಡು ಸೆಟ್ಟಿಗೆ ಸಾವಿರ ಪೌಂಡ್ ಚಿಲ್ರೆ, ಮನೇಲಿ ಎಂಟುನೂರು ಅಂದಿದೀನಿ. ಸ್ಟ್ರೈಟೆಲ್ಲಾ ಕತ್ತರಿಸಿ ಬಿಸಾಕ್ದೆ, ಬ್ರೇಕ್ ಬಿಟ್ಟ ಜಾಗದಿಂದ ಫುಲ್ ಥ್ರಾಟಲ್ ಒತ್ತೋ ಜಾಗದವರೆಗೆ ಮಾತ್ರ ಲೆಕ್ಕ. ಸ್ಟೀರಿಂಗಿನ ಮೇಲ್ಗಡೆ ಬಿಳಿ ಟೇಪು ಸುತ್ತಿ, ಹೆಲ್ಮೆಟ್ ಪಕ್ಕ ಕ್ಯಾಮೆರಾ ಇಟ್ಟು, ತಿರುವಲ್ಲಿ ಟೇಪು ಎಷ್ಟು ಸಲ ಹಿಂದೆ ಮುಂದೆ ಆಡ್ತು, ಅಂದ್ರೆ ಸ್ಟೀರಿಂಗ್ ಎಷ್ಟು ಸಲ ತಿದ್ದಿದೆ ಅಂತ ಸ್ಲೋ ಮೋಷನ್ನಲ್ಲಿ ಎಣಿಸ್ದೆ. ಟೈರ್ ಪ್ರೆಶರ್ ಮಾತ್ರ ಕೇಳ್ಬೇಡಿ, ಅದು ನನ್ ಹತ್ರಾನೇ ಇರ್ಲಿ.

ಬಂದಿದ್ದು ನೋಡಿ: ತಿರುವಿನ ಕನಿಷ್ಠ ವೇಗದಲ್ಲಿ ಗಂಟೆಗೆ ಒಂದೂವರೆ ಕಿಲೋಮೀಟರ್ ವ್ಯತ್ಯಾಸ ಅಷ್ಟೇ! ತೂಕದಲ್ಲಿ ಸುಮಾರು 270 ಕೆಜಿ ಅಂತರ ಇದ್ರೂನೂ. ಆದ್ರೆ ಟೇಪು ಹಳೇದ್ರಲ್ಲಿ ಒಂದು ತಿರುವಿಗೆ ಐದಾರು ಸಲ ಆಡುತ್ತೆ, ಹೊಸದ್ರಲ್ಲಿ ಒಂದೋ ಎರಡೋ. ಹಳೇದ್ರ ಹಿಂಭಾಗ ಲೈವ್ ಆಕ್ಸಲ್ ಅಲ್ವಾ, ಅಂದ್ರೆ ಎರಡು ಚಕ್ರಕ್ಕೂ ಒಂದೇ ಗಟ್ಟಿ ಅಚ್ಚು, ಒಂದು ಚಕ್ರ ಉಬ್ಬಿಗೆ ಬಿದ್ರೆ ಇನ್ನೊಂದಕ್ಕೂ ಗೊತ್ತಾಗುತ್ತೆ, ನಮ್ ಕೈಗೂ ಗೊತ್ತಾಗುತ್ತೆ. ಹೇರ್‌ಪಿನ್ ಬಿಟ್ಟು ಹೊರಡುವಾಗ ಹೊಸದು 4000 ಆರ್‌ಪಿಎಂ ಸುತ್ತಮುತ್ತ ಟಾರ್ಕ್ ಗುಂಡಿಗೆ, ಅಂದ್ರೆ ಎಂಜಿನ್ನಿನ ಎಳೆತ ಇಳಿಯೋ ಜಾಗಕ್ಕೆ, ಬಿದ್ದು ಒಂದು ಉಸಿರು ಸುಮ್ನಿರುತ್ತೆ. ಹಳೇದ್ರ 4ಎ-ಜಿಇ ಎಂಜಿನ್ನೂ ಅಲ್ಲಿ ದೊಡ್ಡದಾಗೇನೂ ಎಳೆಯಲ್ಲ, ಆದ್ರೆ ಎಲ್ಲೂ ಮುಗ್ಗರಿಸಲ್ಲ. ಅದ್ರ ಟಿ50 ಗೇರ್‌ಬಾಕ್ಸಿನ ಎರಡನೇ ಗೇರು ಮಾತ್ರ ತಣ್ಣಗಿದ್ದಾಗ ಕರಕರ ಅನ್ನುತ್ತೆ, ಅದಕ್ಕೂ ಒಂದು ಉಪಾಯ ಇದೆ, ಇನ್ನೊಂದ್ಸಲ ಹೇಳ್ತೀನಿ.

ನಡುವೆ ಇನ್ನೊಂದು ತರ್ಲೆ. ಹಳೇದ್ರ ಡಿಕ್ಕಿಯಲ್ಲಿ ಸೋನಾ ಮಸೂರಿ 10 ಕೆಜಿ ಚೀಲ ಎಂಟು ಬಿಗಿಯಾಗಿ ಕಟ್ಟಿ ಓಡ್ಸಿದೆ, ಟೇಪಿನ ಆಟ ಅರ್ಧಕ್ಕಿಳೀತು, ಆದ್ರೆ ಮೂತಿ ತಿರುಗೋದು ಸೋಮಾರಿ ಆಯ್ತು. ಅಕ್ಕಿ ಮನೆಗೇ ಹೋಯ್ತು, ನಷ್ಟ ಇಲ್ಲ. ಅದಕ್ಕಿಂತ ಮಜಾ ಬಂದಿದ್ದು ಜಿಟಿ86ಗೆ 205/55 16 ಇಂಚಿನ ಚೀಪ್ ಟೈರು ಹಾಕಿದಾಗ, ಸೆಟ್ಟು ಇನ್ನೂರೈವತ್ತು ಪೌಂಡ್ ಇರ್ಬೇಕು, ಟೇಪು ಸೀದಾ ನಾಲ್ಕಕ್ಕೆ ಏರ್ತು, ಟೈಮು ಹಾಳಾಯ್ತು, ನಾನು ಮಾತ್ರ ಹೆಲ್ಮೆಟ್ ಒಳಗೇ ನಗ್ತಿದ್ದೆ. ಹೊಸ ಕಾರಲ್ಲಿ ಜೀವ ಇಲ್ಲ ಅನ್ನೋರು ಒಂದ್ಸಲ ಇದನ್ನ ಹಾಕಿ ನೋಡಿ, ಆಮೇಲೆ ಮಾತಾಡಿ.

ಜಿಟಿ86 ಆದ್ಮೇಲೆ ಬಂದ 2.4 ಲೀಟರ್ ಜಿಆರ್86ನಲ್ಲಿ ಆ ಟಾರ್ಕ್ ಗುಂಡಿ ತುಂಬಿದಾರೆ, 250 ನ್ಯೂಟನ್‌ಮೀಟರು ಟಾರ್ಕ್ 3700 ಆರ್‌ಪಿಎಂಗೇ ಸಿಗುತ್ತೆ. ಆ ಕಾರು ಇರೋರು ಯಾರಾದ್ರೂ ಬರ್ಮಿಂಗ್‌ಹ್ಯಾಮ್ ಆಸುಪಾಸು ಇದ್ರೆ ಹೇಳಿ, ಟೈರು ನಂದು, ಪೆಟ್ರೋಲ್ ನಿಮ್ದು.